ಒದ್ದೆ ಟವಲ್ಲು, ಡೆಲ್ಕೋ ಮತ್ತು ನನ್ನ 1966ರ ಮಸ್ಟಾಂಗ್

ಹಳೇ ಫೋರ್ಡ್ ಮಸ್ಟಾಂಗ್ ಕಾರು ನೋಡಲು ಹೋಗುವವರು ಜೊತೆಗೆ ಒಂದು ಬಕೆಟ್ ನೀರು ಒಯ್ಯಬೇಕು. ನಾನು ಒಯ್ಯಲಿಲ್ಲ. ಒಯ್ದಿದ್ದರೆ ಎರಡು ಚಳಿಗಾಲದ ಕೆಲಸ ಒಂದರಲ್ಲೇ ಮುಗಿಯುತ್ತಿತ್ತು.

ನೀರು ಯಾಕೆ ಅಂದರೆ, ಈ ಕಾರಿನ ಮುಂದಿನ ಗಾಜಿನ ಬುಡದಲ್ಲಿ, ವೈಪರ್ ಹತ್ತಿರ, ಸಾಲಾಗಿ ಸೀಳುಗಳಿವೆ. ಒಳಗೆ ಗಾಳಿ ಬರಲಿ ಅಂತ ಮಾಡಿದ್ದು. ಗಾಳಿ ಹೋಗುವ ಕಡೆ ಮಳೆಯೂ ಹೋಗುತ್ತದಲ್ವಾ? ಆ ನೀರು ಎರಡೂ ಪಕ್ಕಕ್ಕೆ ಹರಿದು ಕೆಳಗಿಳಿಯಬೇಕು. ಗಾಳಿಯ ತೂತುಗಳ ಸುತ್ತ ಟೋಪಿಯ ಹಾಗೆ ತಗಡು ಎಬ್ಬಿಸಿದ್ದಾರೆ, ನೀರು ಹತ್ತಿ ಒಳಗೆ ಬರದಿರಲಿ ಅಂತ. ಆದರೆ ಎರಡು ತಗಡು ಸೇರಿಸಿ ಬೆಸೆದ ಮೇಲೆ ಆ ಒಳಭಾಗಕ್ಕೆ ಬಣ್ಣ ಸರಿಯಾಗಿ ತಾಗುತ್ತಿರಲಿಲ್ಲ. ಅಲ್ಲಿ ಐವತ್ತು ವರ್ಷ ಎಲೆ, ಕಸ ಕೂತು ಕೊಳೆತರೆ ಏನಾಗುತ್ತದೆ? ಟೋಪಿಯ ಬುಡ ತುಕ್ಕು ಹಿಡಿದು ಜರಡಿಯಾಗುತ್ತದೆ. ಮಳೆ ನೀರು ನೇರ ಕಾಲಡಿಗೆ. ಇಲ್ಲಿ ಅಮೆರಿಕದಲ್ಲಿ ಆ ಭಾಗಕ್ಕೆ ಕೌಲ್ ಅನ್ನುತ್ತಾರೆ. ಮೇಲಿಂದ ನೀರು ಸುರಿದು ಡ್ಯಾಶ್‌ಬೋರ್ಡ್ ಕೆಳಗೆ ಕೈ ಒಡ್ಡಿದರೆ ಎರಡು ನಿಮಿಷದಲ್ಲಿ ಕಾರಿನ ಜಾತಕ ಗೊತ್ತಾಗುತ್ತದೆ.

ನಾನು ಕೈ ಒಡ್ಡಲಿಲ್ಲ. ಬಣ್ಣ ನೋಡಿದೆ. ಕಡುನೀಲಿ. ಬಾಗಿಲು ಹಾಕಿದಾಗ ಬರುವ ಸದ್ದು ಕೇಳಿದೆ. ದುಡ್ಡು ಎಣಿಸಿಕೊಟ್ಟೆ.

ಇದು 2014ರ ಮಾತು. ನಾನಿರುವುದು ಮಿಷಿಗನ್ನಿನ ಕ್ಯಾಂಟನ್‌ನಲ್ಲಿ. ಕಾರಿಗೆ ಕೊಟ್ಟದ್ದು 6,500 ಡಾಲರ್. ಚಾಸಿ ನಂಬರಿನ ಮೊದಲ ಅಕ್ಷರಗಳು 6ಎಫ್07ಟಿ. 6 ಅಂದರೆ 1966. ಎಫ್ ಅಂದರೆ ಡಿಯರ್‌ಬಾರ್ನ್ ಕಾರ್ಖಾನೆ, ನಮ್ಮ ಮನೆಯಿಂದ ಅರ್ಧ ಗಂಟೆ ದಾರಿ. 07 ಅಂದರೆ ಗಟ್ಟಿ ಮಾಡಿನ ಎರಡು ಬಾಗಿಲಿನದು. ಟಿ ಅಂದರೆ ಆರು ಸಿಲಿಂಡರಿನ 200 ಕ್ಯೂಬಿಕ್ ಇಂಚಿನ ಎಂಜಿನ್, 120 ಕುದುರೆ ಶಕ್ತಿ. ಈ ಟಿ ಕೇಳಿದ ಕೂಡಲೇ ಜನರ ಮುಖ ಸಪ್ಪಗಾಗುತ್ತದೆ. "ವಿ-8 ಅಲ್ವಾ?" ಅಂತಾರೆ, ಅಂದರೆ ಎಂಟು ಸಿಲಿಂಡರಿನದು. ಅಲ್ಲ. ಆ ಕಾಲದಲ್ಲಿ ಲಕ್ಷಾಂತರ ಜನ ಕೆಲಸಕ್ಕೆ, ಕಾಲೇಜಿಗೆ ಅಂತ ಈ ಆರು ಸಿಲಿಂಡರಿನದ್ದನ್ನೇ ಕೊಂಡರು. ಬಾನೆಟ್ ಒಳಗೆ ಕೈ ಆಡಿಸಲು ಇಷ್ಟು ಜಾಗ ಬೇರೆ ಯಾವ ಕಾರಿನಲ್ಲೂ ನಾನು ಕಂಡಿಲ್ಲ. ಮನೆಯಲ್ಲೇ ಕೆಲಸ ಮಾಡುವವನಿಗೆ ಇದೇ ಸರಿ.

ಮೊದಲ ಚಳಿಗಾಲ ಕಾರ್ಪೆಟ್ ಎತ್ತಿದೆ. ಪಕ್ಕದ ಸೀಟಿನ ಕಾಲಡಿಯಲ್ಲಿ ಗ್ಯಾರೇಜಿನ ಸಿಮೆಂಟು ಕಾಣಿಸಿತು. ಇಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುತ್ತಾರೆ, ಅದರಿಂದಲೇ ಹೀಗಾಗಿದೆ ಅಂದುಕೊಂಡೆ. ಸಂಜೆ ಕ್ಲಾಸಿಗೆ ಹೋಗಿ ವೆಲ್ಡಿಂಗ್ ಕಲಿತು, ಹೊಸ ತಗಡು ತರಿಸಿ ನೆಲ ಹಾಕಿದೆ. ನನ್ನ ಮೊದಲ ಬೆಸುಗೆಗಳು ಹಕ್ಕಿ ಹಿಕ್ಕೆಯ ಹಾಗಿವೆ, ಈಗಲೂ ಅಲ್ಲೇ ಇವೆ. ಕಪ್ಪು ಬಣ್ಣ ಬಳಿದು, ಹೊಸ ಕಾರ್ಪೆಟ್ ಹಾಸಿ, ಫೋಟೋ ತೆಗೆದು ಊರಿಗೆ ಕಳಿಸಿದೆ. ಏಪ್ರಿಲ್‌ನಲ್ಲಿ ಮೊದಲ ಮಳೆ ಬಂತು. ಕಾರ್ಪೆಟ್ ಹಿಂಡಿದರೆ ಒಂದು ಚೊಂಬು ನೀರು! ಮಾಳಿಗೆ ಸೋರುವಾಗ ನೆಲಕ್ಕೆ ಟೈಲ್ಸ್ ಹಾಕಿದಂತಾಗಿತ್ತು.

ಎರಡನೇ ಚಳಿಗಾಲ ಕೌಲ್ ಕೆಲಸ. ಮುಂದಿನ ಎರಡೂ ಮಡ್‌ಗಾರ್ಡ್, ಬಾನೆಟ್, ಗಾಜು ಎಲ್ಲ ಬಿಚ್ಚಬೇಕು. ಆಮೇಲೆ ಮೇಲಿನ ತಗಡು ಹಿಡಿದಿರುವ ಸ್ಪಾಟ್ ವೆಲ್ಡ್‌ಗಳನ್ನು ಒಂದೊಂದಾಗಿ ಡ್ರಿಲ್ ಮಾಡಿ ಬಿಡಿಸಬೇಕು. ನೂರರ ಮೇಲೆ ಲೆಕ್ಕ ಬಿಟ್ಟೆ. ಡ್ರಿಲ್ ಸ್ವಲ್ಪ ಆಳಕ್ಕೆ ಹೋದರೆ ಕೆಳಗಿನ ತಗಡೂ ತೂತು. ಗುರುತು ಕಾಣದ ಕಡೆ ಬಣ್ಣ ಕೆರೆದು, ಬೆರಳಲ್ಲಿ ಸವರಿದರೆ ಸಣ್ಣ ಕುಳಿ ಸಿಗುತ್ತದೆ, ಅದೇ ಬೆಸುಗೆ. ತಗಡು ಎತ್ತಿದಾಗ ಒಳಗೆ ಕಪ್ಪು ಗೊಬ್ಬರ, ಒಂದು ಇಲಿಗೂಡು, ಪೈನ್ ಮರದ ಸೂಜಿಗಳು. ಮೇಲಿಂದ ಅಂಟುವ ಪ್ಲಾಸ್ಟಿಕ್ ಟೋಪಿಗಳೂ ಮಾರುಕಟ್ಟೆಯಲ್ಲಿ ಸಿಗುತ್ತವೆ. ಇನ್ನೂ ಜರಡಿಯಾಗದ ಕಾರಿಗೆ ಅದು ನಡೆದೀತು. ನನ್ನದಕ್ಕೆ ನಡೆಯುತ್ತಿರಲಿಲ್ಲ.

ಇಷ್ಟಕ್ಕೂ ನನಗೆ ಈ ಹುಚ್ಚು ಯಾಕೆ ಬಂತು ಅಂದರೆ, ನಮ್ಮ ಮನೆಯಲ್ಲಿ ಒಂದು ಡಾಜ್ ಇತ್ತು. ಹಾಸನದಲ್ಲಿ. ಅಪ್ಪ ಹದಿನಾಲ್ಕನೇ ವಯಸ್ಸಿಗೇ ಗ್ಯಾರೇಜ್ ಸೇರಿದವರು. ಆ ಕಾಲಕ್ಕೆ ಸಕಲೇಶಪುರದ ಕಡೆಯ ಕಾಫಿ ಎಸ್ಟೇಟಿನವರ ಡಾಜ್, ಪ್ಲಿಮತ್, ಷೆವರ್ಲೆ, ವಿಲ್ಲೀಸ್ ಜೀಪು ಎಲ್ಲ ರಿಪೇರಿಗೆ ಅಲ್ಲಿಗೇ ಬರುತ್ತಿದ್ದವು. ಬೊಂಬಾಯಿಯ ಕುರ್ಲಾದಲ್ಲಿ ಪ್ರೀಮಿಯರ್ ಕಂಪನಿಯವರು ಕ್ರೈಸ್ಲರ್ ಜೊತೆ ಒಪ್ಪಂದ ಮಾಡಿಕೊಂಡು ಡಾಜ್, ಪ್ಲಿಮತ್, ಡಿಸೋಟೊ ಜೋಡಿಸುತ್ತಿದ್ದರು. ಮೂರೂ ಹೆಚ್ಚುಕಡಿಮೆ ಒಂದೇ ಕಾರು, ಹೆಸರು ಬೇರೆ. 1973ರ ತೈಲ ಬಿಕ್ಕಟ್ಟಿಗೆ ಪೆಟ್ರೋಲ್ ಬೆಲೆ ಏರಿತು ನೋಡಿ, ಈ ಆನೆಗಳನ್ನು ಸಾಕುವವರು ಇಲ್ಲದಂತಾಯಿತು. ಹಾಗೆ ಶೆಡ್ಡಿನಲ್ಲಿ ನಿಂತಿದ್ದ ಒಂದು ಡಾಜ್ ಕಿಂಗ್ಸ್‌ವೇಯನ್ನು ಅಪ್ಪ ಅಗ್ಗಕ್ಕೆ ತಂದರು. ಮದುವೆ ಸೀಸನ್ನಿನಲ್ಲಿ ಬಾಡಿಗೆಗೆ, ಉಳಿದಂತೆ ಮನೆಗೆ. ಗೇರ್ ಸ್ಟೀರಿಂಗ್ ಪಕ್ಕದಲ್ಲಿ. ಹಿಂದಿನ ಸೀಟಿನಲ್ಲಿ ನಾನು ಪೂರ್ತಿ ಮೈ ಚಾಚಿ ಮಲಗಿದರೂ ಕಾಲು ಬಾಗಿಲಿಗೆ ತಾಗುತ್ತಿರಲಿಲ್ಲ. ಲೀಟರಿಗೆ ಆರೋ ಏಳೋ ಕಿಲೋಮೀಟರು. ಡೀಸೆಲ್ ಎಂಜಿನ್ ಕೂರಿಸು ಅಂತ ಎಲ್ಲರೂ ಹೇಳಿದರು, ಅಪ್ಪ ಒಪ್ಪಲಿಲ್ಲ. 1984ರಲ್ಲಿ ಗುಜರಿಯವನು ಬಂದು ಎಳೆದುಕೊಂಡು ಹೋದ. ನನಗೆ ಆರು ವರ್ಷ. ಅಮ್ಮ ಅದರ ಪರದೆಗಳನ್ನು ಬಿಚ್ಚಿಟ್ಟುಕೊಂಡು ಅಡುಗೆಮನೆ ಕಿಟಕಿಗೆ ಹಾಕಿದರು.

ಬ್ರೇಕಿನ ಕಥೆ ಹೇಳಲೇಬೇಕು, ಯಾಕೆಂದರೆ ಅಲ್ಲಿ ನನ್ನದೇ ತಪ್ಪು. 1966ರ ಮಸ್ಟಾಂಗಿನಲ್ಲಿ ಪೆಡಲ್ ಒತ್ತಿದಾಗ ಬ್ರೇಕ್ ಎಣ್ಣೆ ತಳ್ಳುವ ಮಾಸ್ಟರ್ ಸಿಲಿಂಡರ್‌ಗೆ ಒಂದೇ ಕೋಣೆ. ನಾಲ್ಕೂ ಚಕ್ರಕ್ಕೆ ಒಂದೇ ಎಣ್ಣೆ. ಎಲ್ಲಿ ಒಂದು ಕಡೆ ಸೋರಿದರೂ ನಾಲ್ಕೂ ಹೋಯಿತು. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಮೊದಲು ನೆಲ, ಕಾರ್ಪೆಟ್, ಬಣ್ಣ ಅಂತ ಹೋದೆ. 2015ರ ಅಕ್ಟೋಬರ್‌ನಲ್ಲಿ ಮನೆ ಹತ್ತಿರದ ಸ್ಟಾಪ್ ಬೋರ್ಡಿಗೆ ಬರುವಾಗ ಪೆಡಲ್ ಒತ್ತಿದೆ. ಸುಮ್ನೆ ನೆಲಕ್ಕೆ ಹೋಗಿ ಕೂತಿತು. ಹಿಂದಿನ ವೀಲ್ ಸಿಲಿಂಡರಿನ ರಬ್ಬರ್ ಹರಿದಿತ್ತು. ಈ ಕಾರಿನ ಹ್ಯಾಂಡ್‌ಬ್ರೇಕು ಡ್ಯಾಶ್‌ಬೋರ್ಡ್ ಕೆಳಗೆ ಟಿ ಆಕಾರದ ಹಿಡಿ. ಅದು ಕೇಬಲ್ ಮೇಲೆ ನಡೆಯುವುದು, ಎಣ್ಣೆಯ ಹಂಗಿಲ್ಲ. ಎರಡೂ ಕೈಯಲ್ಲಿ ಎಳೆದೆ. ಕಾರು ಅಡ್ಡ ತಿರುಗಿ ಒಬ್ಬರ ಮನೆ ಹುಲ್ಲಿನ ಮೇಲೆ ನಿಂತಿತು. ಆ ಮನೆಯ ಅಜ್ಜಿ ಹೊರಗೆ ಬಂದು ಮೊದಲು ಕಾರು ನೋಡಿದರು, ಆಮೇಲೆ ನನ್ನನ್ನು. "ನನ್ನ ಗಂಡನ ಹತ್ತಿರ ಇಂಥದ್ದೇ ಇತ್ತು, ಕೆಂಪು" ಅಂದರು. ಹುಲ್ಲಿನ ಬಗ್ಗೆ ಏನೂ ಹೇಳಲಿಲ್ಲ.

ಮಾರನೇ ವಾರವೇ ಎರಡು ಕೋಣೆಯ ಮಾಸ್ಟರ್ ಸಿಲಿಂಡರ್ ತಂದೆ. 1967ರ ಮಾಡೆಲ್‌ಗೆ ಫೋರ್ಡ್ ತಾನೇ ಅದನ್ನು ಹಾಕಿತು. ಡ್ರಮ್ ಬ್ರೇಕಿನದ್ದು ತಂದರೆ ಹಳೇ ಬೋಲ್ಟಿಗೇ ಕೂರುತ್ತದೆ. ಮುಂದಕ್ಕೊಂದು, ಹಿಂದಕ್ಕೊಂದು ಪೈಪ್ ಬೇರೆ ಮಾಡಬೇಕು, ಅಷ್ಟೆ. ನಾಲ್ಕೂ ವೀಲ್ ಸಿಲಿಂಡರ್, ಮೂರು ರಬ್ಬರ್ ಹೋಸ್, ಎಲ್ಲಾ ಪೈಪು ಹೊಸದು ಹಾಕಿದೆ. ಬ್ರೇಕ್ ಪೈಪಿನೊಳಗಿನ ಏರ್ ತೆಗೆಯುವಾಗ ಮಗಳನ್ನು ಸೀಟಿನಲ್ಲಿ ಕೂರಿಸಿದೆ. "ಒತ್ತು, ಹಿಡ್ಕೊ, ಬಿಡು." ಒಂದು ಗಂಟೆ ಆದ ಮೇಲೆ ಅವಳು ಗಂಟೆಗೆ ಇಷ್ಟು ಅಂತ ಕೂಲಿ ಕೇಳಿದಳು. ಹಳೇ ಕಾರು ತಂದವರು ಯಾರಾದರೂ ಕೇಳಿದರೆ ನಾನು ಹೇಳುವುದು ಇದನ್ನೇ: ಮೊದಲು ನಿಲ್ಲುವುದು ಕಲಿಸಿ, ಆಮೇಲೆ ಓಡುವುದು, ಬಣ್ಣ ಕೊನೆಗೆ.

ಅಪ್ಪ ಬಂದದ್ದು 2017ರ ಬೇಸಿಗೆಯಲ್ಲಿ. ಮೊದಲ ವಾರ ಅವರಿಗೆ ರಾತ್ರಿ ನಿದ್ದೆ ಇಲ್ಲ. ಮೂರು ಗಂಟೆಗೆ ಗ್ಯಾರೇಜಿನಲ್ಲಿ ಬೆಳಕು ಕಂಡು ಇಳಿದುಹೋದೆ. ಬಾನೆಟ್ ಎತ್ತಿ, ಹೆಗಲ ಮೇಲೆ ಟವಲ್ ಹಾಕಿಕೊಂಡು, ಕೈ ಹಿಂದೆ ಕಟ್ಟಿ ನಿಂತಿದ್ದರು. ನನ್ನ ದಿನಬಳಕೆಯ ಕಾರಿನ ಬಾನೆಟ್ ಎತ್ತಿ ಬರೀ ಪ್ಲಾಸ್ಟಿಕ್ ಮುಚ್ಚಳ ನೋಡಿ ಅವರಿಗೆ ಬೇಜಾರಾಗಿತ್ತು. "ಇದ್ರಲ್ಲಿ ಎಲ್ಲಾ ಕಾಣ್ತದೆ ಕಣ್ಲಾ" ಅಂದರು.

ಬೆಳಿಗ್ಗೆ ಸ್ಟಾರ್ಟ್ ಮಾಡಿಸಿದರು. ಸೈಲೆನ್ಸರ್ ಹತ್ತಿರ ಅಂಗೈ ಹಿಡಿದು ಒಂದು ನಿಮಿಷ ನಿಂತರು. "ಮಿಸ್ಸಿಂಗ್ ಐತೆ. ಡೆಲ್ಕೋ ಬಿಚ್ಚು."

ಮಿಸ್ಸಿಂಗ್ ಅಂದರೆ ಎಂಜಿನ್ ನಡುನಡುವೆ ಉರಿ ತಪ್ಪುವುದು. ಸಿಲಿಂಡರುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿಗೆ ನಮ್ಮ ಕಡೆ ಮೆಕ್ಯಾನಿಕ್‌ಗಳು ಡೆಲ್ಕೋ ಅನ್ನುತ್ತಾರೆ. ಕ್ಯಾಪ್ ತೆಗೆದೆ. ಒಳಗೆ ಕಿಡಿಗಾಗಿ ತೆರೆದು ಮುಚ್ಚುವ ಸಣ್ಣ ಸ್ವಿಚ್ಚೇ ಪಾಯಿಂಟು. ಅದನ್ನು ಸೆಟ್ ಮಾಡಲು ನಾನು ಸಂದು ಅಳೆಯುವ ಫೀಲರ್ ಗೇಜ್ ಹುಡುಕುತ್ತಿದ್ದೆ. ಅಪ್ಪ ಆಗಲೇ ಗೋಡೆಗೆ ನೇತುಹಾಕಿದ್ದ ಆಕ್ಸಾ ಬ್ಲೇಡ್ ಬಿಚ್ಚುತ್ತಿದ್ದರು, ಕಬ್ಬಿಣ ಕೊಯ್ಯುವ ಬ್ಲೇಡು. ಫ್ಯಾನ್ ಬೆಲ್ಟ್ ಹಿಡಿದು ಎಂಜಿನ್ನನ್ನು ನಿಧಾನಕ್ಕೆ ತಿರುಗಿಸಿದರು, ಪಾಯಿಂಟು ಪೂರ್ತಿ ಬಾಯಿ ತೆರೆಯುವ ತನಕ. ಬ್ಲೇಡಿನ ಹಲ್ಲಿನ ಕಡೆ ಅಲ್ಲ, ಬೆನ್ನಿನ ಕಡೆ ಅದರೊಳಗೆ ತೂರಿಸಲು ನೋಡಿದರು. ಹೋಗಲಿಲ್ಲ. ಉಜ್ಜಿ ಉಜ್ಜಿ ಸಂದು ಕಿರಿದಾಗಿತ್ತು. ಸ್ಕ್ರೂ ಸಡಿಲಿಸಿ, ಸ್ಕ್ರೂಡ್ರೈವರಿನಲ್ಲಿ ಕೂದಲೆಳೆಯಷ್ಟು ಸರಿಸಿ, ಮತ್ತೆ ತೂರಿಸಿದರು. ಬ್ಲೇಡು ಸ್ವಲ್ಪವೇ ಹಿಡಿದು ಬಿಟ್ಟಿತು. "ಬೆಣ್ಣೆಯಿಂದ ಚಾಕು ಎಳ್ದಂಗೆ ಬರ್ಬೇಕು." ಆಮೇಲೆ ನಾನು ಗೇಜ್ ಇಟ್ಟು ನೋಡಿದೆ. ಪುಸ್ತಕದಲ್ಲಿ ಈ ಎಂಜಿನ್‌ಗೆ ಹೇಳಿರುವುದು 0.025 ಇಂಚು. ಸರಿಯಾಗಿ ಅಷ್ಟೇ ಇತ್ತು. ಮಾಮೂಲಿ ಆಕ್ಸಾ ಬ್ಲೇಡಿನ ದಪ್ಪವೂ ಅಷ್ಟೇ ಅಂತ ಆಗ ಅಳೆದು ನೋಡಿ ತಿಳಿದುಕೊಂಡೆ.

ಆ ರಾತ್ರಿ ಸುಮ್ನೆ ಹುಡುಕಿ ನೋಡಿದೆ. ಡೆಲ್ಕೋ ಅನ್ನುವುದು ಓಹಾಯೋದ ಡೇಟನ್ ಊರಿನ ಕಂಪನಿಯ ಚುಟುಕು ಹೆಸರು. 1912ರ ಕ್ಯಾಡಿಲಾಕ್‌ಗೆ ಸೆಲ್ಫ್ ಸ್ಟಾರ್ಟರ್ ಮಾಡಿದ ಚಾರ್ಲ್ಸ್ ಕೆಟರಿಂಗ್ ಅದನ್ನು ಕಟ್ಟಿದವರಲ್ಲಿ ಒಬ್ಬ. ಇನ್ನೊಂದು ಮಾತು, ಟ್ಯಾಂಕಿನಿಂದ ಎಂಜಿನ್ನಿಗೆ ಪೆಟ್ರೋಲ್ ತಳ್ಳುವ ಪಂಪಿಗೆ ಅಪ್ಪ ಎ.ಸಿ. ಪಂಪ್ ಅನ್ನುತ್ತಾರೆ. ಏರ್ ಕಂಡೀಷನರ್‌ಗೂ ಅದಕ್ಕೂ ಸಂಬಂಧವಿಲ್ಲ. ಆಲ್ಬರ್ಟ್ ಚಾಂಪಿಯನ್ ಅನ್ನುವವನ ಹೆಸರಿನ ಎರಡು ಪದಗಳ ಮೊದಲ ಇಂಗ್ಲಿಷ್ ಅಕ್ಷರಗಳು. ಅವನ ಕಾರ್ಖಾನೆ ಇದ್ದದ್ದು ಫ್ಲಿಂಟ್‌ನಲ್ಲಿ, ನಮ್ಮ ಮನೆಯಿಂದ ಒಂದು ಗಂಟೆ ದಾರಿ. ಇಂಗ್ಲಿಷ್ ಬಾರದ ಅಪ್ಪನ ಬಾಯಲ್ಲಿ ಐವತ್ತು ವರ್ಷದಿಂದ ಈ ಊರುಗಳ ಮಾತು ಓಡಾಡುತ್ತಿತ್ತು. ಹೇಳಿದರೆ "ಓಹೋ" ಅಂದು ಸುಮ್ಮನಾದರು. ಡೆಲ್ಕೋ ಎದುರಾಳಿ ಜನರಲ್ ಮೋಟಾರ್ಸ್ ಪಾಲಾಗಿದ್ದರಿಂದ ಫೋರ್ಡ್ ಕಾರಿನಲ್ಲಿ ನಿಜವಾದ ಡೆಲ್ಕೋ ಇರುವುದಿಲ್ಲ ಅನ್ನುವುದನ್ನು ನಾನೂ ಹೇಳಲು ಹೋಗಲಿಲ್ಲ.

ಒಂದು ಭಾನುವಾರ ಖಾಲಿ ಪಾರ್ಕಿಂಗ್ ಜಾಗದಲ್ಲಿ ಅವರಿಗೆ ಸ್ಟೀರಿಂಗ್ ಕೊಟ್ಟೆ. ಎಡಗಡೆ ಸ್ಟೀರಿಂಗ್ ಅಂತ ಎರಡು ಸಲ ತಪ್ಪು ಬಾಗಿಲಿಗೆ ಹೋದರು. ನನ್ನದು ಮೂರು ಗೇರಿನದು. ಮೊದಲ ಗೇರ್‌ಗೆ ಸಿಂಕ್ರೋ, ಅಂದರೆ ಹಲ್ಲುಗಳ ವೇಗ ಹೊಂದಿಸಿ ಕೊಡುವ ಭಾಗ ಇಲ್ಲ, ಕಾರು ಉರುಳುತ್ತಿರುವಾಗ ನಾನು ಹಾಕಿದರೆ ಕರಕರ ಅನ್ನುತ್ತದೆ. ಅಪ್ಪ ಕ್ಲಚ್ ಒತ್ತಿ, ನ್ಯೂಟ್ರಲ್‌ಗೆ ತಂದು ಬಿಟ್ಟು, ಆಕ್ಸಿಲೇಟರ್‌ಗೆ ಸಣ್ಣದೊಂದು ಒತ್ತು ಕೊಟ್ಟು, ಮತ್ತೆ ಕ್ಲಚ್ ಒತ್ತಿ ಹಾಕಿದರು. ಸದ್ದೇ ಇಲ್ಲ. ಡಬಲ್ ಕ್ಲಚ್. ನಾನು ಮೂರು ವರ್ಷದಿಂದ ಗೇರ್‌ಬಾಕ್ಸ್ ಎಣ್ಣೆ ಬದಲಾಯಿಸುತ್ತಾ ಇದ್ದೆ.

ಆಗಸ್ಟ್‌ನ ಮೂರನೇ ಶನಿವಾರ ಡೆಟ್ರಾಯ್ಟ್ ಪಕ್ಕದ ವುಡ್‌ವರ್ಡ್ ಅವೆನ್ಯೂದಲ್ಲಿ ಡ್ರೀಮ್ ಕ್ರೂಸ್ ನಡೆಯುತ್ತದೆ. 1995ರಲ್ಲಿ ಫರ್ನ್‌ಡೇಲ್ ಊರಿನವರು ಫುಟ್‌ಬಾಲ್ ಮೈದಾನಕ್ಕೆ ದುಡ್ಡು ಎತ್ತಲು ಶುರುಮಾಡಿದ್ದು ಈಗ ಜಾತ್ರೆಯಾಗಿದೆ. ಫರ್ನ್‌ಡೇಲ್‌ನಿಂದ ಪಾಂಟಿಯಾಕ್ ತನಕ ಹಳೇ ಕಾರುಗಳ ಸಾಲು. ಬೆಳ್ಳಿ ಬಣ್ಣದ ರೆಕ್ಕೆಯ ಕ್ಯಾಡಿಲಾಕ್ ಒಂದು ಪಕ್ಕದಲ್ಲಿ ಬಂದಾಗ ಅಪ್ಪ ಕಿಟಕಿಯಿಂದ ಕೈ ಹೊರಗೆ ಹಾಕಿ ಅದರ ಮೈ ಸವರಲು ನೋಡಿದರು. ಸಾಲು ಆಮೆಯ ಹಾಗೆ ಹೋಗುತ್ತದೆ. ಬಿಸಿಲು ಬೇರೆ. ರಾಯಲ್ ಓಕ್ ಹತ್ತಿರ ನಮ್ಮ ಎಂಜಿನ್ ಎರಡು ಸಲ ಎಳೆದಾಡಿ ನಿಂತೇಬಿಟ್ಟಿತು. ಬಿಸಿಗೆ ಪೈಪಿನಲ್ಲೇ ಪೆಟ್ರೋಲ್ ಕುದಿದು ಆವಿಯಾಗುತ್ತದೆ. ಪಂಪು ಪೆಟ್ರೋಲನ್ನು ತಳ್ಳೀತು, ಆವಿಯನ್ನು ತಳ್ಳಲಾರದು. ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಬೆರೆತಿರುವುದರಿಂದ ಇನ್ನೂ ಬೇಗ.

ಕಾರನ್ನು ಅಂಚಿಗೆ ತಳ್ಳಿದೆವು. ಓಲ್ಡ್ಸ್‌ಮೊಬಿಲ್ ಕಾರೊಂದರ ಹತ್ತಿರ ಮಡಚುವ ಕುರ್ಚಿ ಹಾಕಿ ಕೂತಿದ್ದ ಅಜ್ಜ ಎದ್ದು ಬಂದ. ಜೇಬಿನಿಂದ ಬಟ್ಟೆಗೆ ಹಾಕುವ ಮರದ ಕ್ಲಿಪ್ಪುಗಳನ್ನು ತೆಗೆದು ಪೆಟ್ರೋಲ್ ಪೈಪಿಗೆ ಸಾಲಾಗಿ ಸಿಕ್ಕಿಸತೊಡಗಿದ. ಇಲ್ಲಿಯ ಹಳಬರ ಮದ್ದು ಅದು. ಅಪ್ಪ ನೋಡಿ ನಕ್ಕರು. ಹೆಗಲ ಟವಲ್ ತೆಗೆದು, ನಮ್ಮ ನೀರಿನ ಡಬ್ಬಿಯ ಐಸ್ ನೀರಿಗೆ ಅದ್ದಿ, ಹಿಂಡಿ, ಎ.ಸಿ. ಪಂಪಿಗೆ ಪೇಟದ ಹಾಗೆ ಸುತ್ತಿದರು. ಡಾಜ್‌ನಲ್ಲಿ ಶಿರಾಡಿ ಘಾಟ್ ಹತ್ತುವಾಗ ಮಾಡುತ್ತಿದ್ದದ್ದೇ. ಅಜ್ಜ ಇವರನ್ನು ನೋಡಿದ, ಇವರು ಅಜ್ಜನನ್ನು ನೋಡಿದರು. ಇಬ್ಬರೂ ಬಾನೆಟ್ ಒಳಗೆ ಬಗ್ಗಿ, ಅವನು ಇಂಗ್ಲಿಷಿನಲ್ಲಿ, ಇವರು ಕನ್ನಡದಲ್ಲಿ, ಹತ್ತು ನಿಮಿಷ ಮಾತಾಡಿದರು. ಆಮೇಲೆ ಸೆಲ್ಫ್ ಹೊಡೆದೆ. ಹಿಡಿಯಿತು. ಕ್ಲಿಪ್ಪಿನಿಂದಲೋ ಟವಲ್ಲಿನಿಂದಲೋ ಅಂದರೆ ನನ್ನ ಓಟು ಟವಲ್ಲಿಗೆ. ಮರದ ತುಂಡು ಅಷ್ಟು ಬಿಸಿ ಎಳೆಯಲಾರದು. ಅಜ್ಜನ ಎದುರು ಮಾತ್ರ ಹಾಗೆ ಹೇಳಲಿಲ್ಲ.

ಕ್ಲಿಪ್ಪುಗಳು ಈಗಲೂ ಪೈಪಿನ ಮೇಲಿವೆ, ಏಳು. ಡಿಕ್ಕಿಯಲ್ಲಿ ಒಂದು ಟವಲ್ ಇಟ್ಟಿದ್ದೇನೆ. ಅಪ್ಪ ಊರಿಂದ ಫೋನ್ ಮಾಡಿದಾಗಲೆಲ್ಲ ಮೊದಲು ಮಗಳ ಓದು, ಆಮೇಲೆ ಇಲ್ಲಿಯ ಚಳಿ, ಆಮೇಲೆ "ಆ ಎ.ಸಿ. ಪಂಪ್ ಹೊಸದು ಹಾಕಿದ್ಯೇನ್ಲಾ?" ಅಂತ ಕೇಳುತ್ತಾರೆ. ಹಾಕಿಲ್ಲ. ತಂದಿಟ್ಟು ಎರಡು ವರ್ಷ ಆಯಿತು, ಪೆಟ್ಟಿಗೆ ಕೂಡ ಬಿಚ್ಚಿಲ್ಲ.