ಮುಕ್ಕಾದ ಬಸಿ, ಬಿರಿದ ಭರಣಿ: ಕೊಡಗಿನ ಥಂಡಿಯಲ್ಲಿ ಕಾಪಾಡುವ ಬಗೆ

ತೋಟದ ಹಳೇ ಬಂಗಲೆ ಖಾಲಿಯಾದಾಗ, ಕೊಡವರ ಹಿರೀಕರ ಮನೆಯಾದ ಐನ್‌ಮನೆಯ ಅಟ್ಟ ಗುಡಿಸಿದಾಗ ಸಿಗುವ ಪಿಂಗಾಣಿಯಲ್ಲಿ ಇಡಿಯಾಗಿರುವುದು ಕಡಿಮೆ. ಮುಕ್ಕಾದದ್ದು ಅಗ್ಗಕ್ಕೆ ಸಿಗುತ್ತದೆ, ಆದರೆ ಅಂಚಿನ ಮುಕ್ಕು ಇದ್ದಷ್ಟೇ ಇರುತ್ತದೆ, ಸೀಳು ಬೆಳೆಯುತ್ತದೆ. ತಟ್ಟೆಯನ್ನು ಅಂಗೈ ಮೇಲೆ ಸಡಿಲವಾಗಿಟ್ಟು ಬೆರಳಗೆಣ್ಣಿನಿಂದ ತಟ್ಟಿ ನೋಡಿ. ತೆಳು ಪಿಂಗಾಣಿ ಗಂಟೆಯಂತೆ ನುಡಿಯಬೇಕು. ಸತ್ತ ಸದ್ದು ಬಂದರೆ ಎಲ್ಲೋ ಸೀಳಿದೆ. ಹಿಂದಿನಿಂದ ಮೊಬೈಲ್ ಟಾರ್ಚ್ ಹಿಡಿದರೆ ಆ ಗೆರೆ ಕಾಣುತ್ತದೆ. ಕಳ್ಳನೋಟು ಪತ್ತೆಹಚ್ಚುವ ನೇರಳೆ ಟಾರ್ಚನ್ನು ಕತ್ತಲಲ್ಲಿ ಹಾಯಿಸಿದರೆ ಹಳೇ ಅಂಟು, ಮೇಲೆ ಬಳಿದ ಬಣ್ಣ ಸಾಮಾನ್ಯವಾಗಿ ಬೇರೆಯೇ ಹೊಳಪಿನಲ್ಲಿ ಎದ್ದು ಕಾಣುತ್ತವೆ. ಹಿಡಿಯ ಬುಡ ಸೀಳಿದ ಕಪ್ಪು ಎಷ್ಟು ಚೆಂದವಿದ್ದರೂ ಬೇಡ.

ತಳದ ಮುದ್ರೆ ನೋಡದೆ ಕೊಳ್ಳಬೇಡಿ. ‘ಇಂಗ್ಲೆಂಡ್’ ಎಂದು ದೇಶದ ಹೆಸರಿದ್ದರೆ ಸಾಧಾರಣವಾಗಿ 1891ರಿಂದ ಈಚಿನದು, ‘ಆಕ್ಯುಪೈಡ್ ಜಪಾನ್’ ಎಂದಿದ್ದರೆ 1945–52ರ ನಡುವಿನದು.

ಹೆಚ್ಚು ಜನ ಎಡವುವುದು ಉಪ್ಪಿನಕಾಯಿ ಭರಣಿಯಲ್ಲಿ. ಗ್ಲೇಜ್, ಅಂದರೆ ಗಾಜಿನಂಥ ಹೊರಮೆರುಗು, ಬಿರಿದ ಭರಣಿಯ ಮಣ್ಣು ವರ್ಷಗಟ್ಟಲೆ ಉಪ್ಪು ಕುಡಿದಿರುತ್ತದೆ. ಮಳೆಗಾಲದಲ್ಲಿ ಆ ಉಪ್ಪು ಗಾಳಿಯ ಥಂಡಿ ಹೀರಿ ಕರಗುತ್ತದೆ, ಜನವರಿಯ ಒಣಹವೆಗೆ ಮತ್ತೆ ಹರಳುಗಟ್ಟುತ್ತದೆ. ಹರಳು ಬೆಳೆಯುವಾಗ ಗ್ಲೇಜನ್ನು ಒಳಗಿನಿಂದ ತಳ್ಳುತ್ತದೆ. ಮೈಮೇಲೆ ಕಂಡ ಬಿಳಿ ಹುಡಿಯನ್ನು ಒರೆಸಿ ಸುಮ್ಮನಾದರೆ ಕ್ರಮೇಣ ಗ್ಲೇಜ್ ಚಕ್ಕೆಯೆದ್ದು ಉದುರುತ್ತದೆ.

ಉಪ್ಪು ತೆಗೆಯಲು ಕಕ್ಕಡ ಮಾಸದ (ಜುಲೈ–ಆಗಸ್ಟ್) ಮಳೆನೀರು ಹೇಳಿ ಮಾಡಿಸಿದ್ದು. ಹಂಚಿನ ಕೊಳೆ ತೊಳೆದುಹೋದ ಮೇಲೆ ಹಿಡಿದ ನೀರನ್ನು ಪ್ಲಾಸ್ಟಿಕ್ ಬಕೆಟ್ಟಿಗೆ ತುಂಬಿ ಭರಣಿಯನ್ನು ಪೂರ್ತಿ ಮುಳುಗಿಸಿ, ನೀರನ್ನು ದಿನಕ್ಕೊಮ್ಮೆ ಬದಲಿಸಿ. ನೀರಿನಲ್ಲಿ ಕರಗಿದ ಉಪ್ಪಿನಂಶ ತೋರಿಸುವ ಟಿಡಿಎಸ್ ಮೀಟರಿದ್ದರೆ ಊಹೆ ಬೇಕಿಲ್ಲ: ಹೊಸ ನೀರಿಗೂ 24 ಗಂಟೆ ನೆನೆದ ನೀರಿಗೂ ಅಂಕಿಯಲ್ಲಿ ವ್ಯತ್ಯಾಸ ಕಾಣದಾದಾಗ ನಿಲ್ಲಿಸಿ. ಎರಡು ಮೂರು ವಾರ ಹಿಡಿದರೂ ಅಚ್ಚರಿಯಿಲ್ಲ. ಆಮೇಲೆ ಒಲೆಯಿರುವ ಕೋಣೆಯಲ್ಲಿ ಮರದ ಪಟ್ಟಿಗಳ ಮೇಲೆ ಕವುಚಿ ಒಣಗಿಸಿ. ಅಂಟು ಹಾಕಿದ್ದು, ಚಿನ್ನದ ಗೆರೆಯಿದ್ದದ್ದನ್ನು ಹೀಗೆ ನೆನೆಸಬಾರದು.

ಸೀಳಿನ ಕಂದು ಕಲೆಗೆ ಬ್ಲೀಚಿಂಗ್ ಪುಡಿ ಹಾಕಿದರೆ ಅದೂ ಉಪ್ಪನ್ನೇ ಉಳಿಸಿಹೋಗುತ್ತದೆ. ಮೊದಲು ಒಂದು ಗಂಟೆ ಬರೀ ನೀರಲ್ಲಿ ನೆನೆಸಿ. ಇಲ್ಲದಿದ್ದರೆ ಕಲೆ ಇನ್ನೂ ಒಳಕ್ಕಿಳಿಯುತ್ತದೆ. ಬಳಿಕ ಮೆಡಿಕಲ್ ಶಾಪಿನ 6 ಪರ್ಸೆಂಟ್ ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ಅದ್ದಿದ ಹತ್ತಿಯನ್ನು ಗೆರೆಯುದ್ದಕ್ಕೂ ಹಚ್ಚಿ, ಪ್ಲಾಸ್ಟಿಕ್ ಹಾಳೆ ಮುಚ್ಚಿ ಒಂದು ದಿನ ಬಿಡಿ. ಕಲೆ ಉಳಿದರೆ ಇನ್ನೊಮ್ಮೆ. ಕೈಗವಸು ಮರೆಯಬೇಡಿ, ಚಿನ್ನದ ಗೆರೆಗೆ ತಾಗಿಸಬೇಡಿ. ಹಾಲಲ್ಲಿ ಕುದಿಸಿದರೆ ಸೀಳು ಕೂಡುತ್ತದೆ ಎನ್ನುವವರಿದ್ದಾರೆ. ಕೂಡುವುದಿಲ್ಲ; ಸೀಳಿನಲ್ಲುಳಿದ ಹಾಲು ಬೂಷ್ಟು ಹಿಡಿದು ನಾರುತ್ತದೆ.

ಅಂಟಿಸುವ ಕೆಲಸವನ್ನು ಮಳೆಗಾಲಕ್ಕೆ ಇಟ್ಟುಕೊಳ್ಳಬೇಡಿ. ತೇವವಿದ್ದ ಅಂಚಿಗೆ ಅಂಟು ಕೂರುವುದಿಲ್ಲ, ಫೆಬ್ರವರಿ–ಮಾರ್ಚ್ ಒಳ್ಳೆಯದು. ಮೊದಲು ಅಂಟಿಲ್ಲದೆ, ಬರೀ ಟೇಪಿನಿಂದ ಚೂರುಗಳನ್ನೆಲ್ಲ ಜೋಡಿಸಿ, ಜೋಡಿಸಿದ ಕ್ರಮದಲ್ಲೇ ನಂಬರ್ ಹಾಕಿ. ಹೀಗೆ ಮಾಡದಿದ್ದರೆ ಕೊನೆಯ ಚೂರಿಗೆ ಜಾಗವೇ ಇರುವುದಿಲ್ಲ. ಅಂಚುಗಳನ್ನು ಅಸಿಟೋನ್ ಹಚ್ಚಿದ ಹತ್ತಿಯಿಂದ ಒರೆಸಿ. ನಿಧಾನವಾಗಿ ಗಟ್ಟಿಯಾಗುವ ಅರಾಲ್ಡೈಟ್ ಅಂಟಿನ ಎರಡು ಟ್ಯೂಬಿನಿಂದಲೂ ಸಮಪಾಲು ಹಿಂಡಿ, ಬಣ್ಣ ಒಂದಾಗುವವರೆಗೆ ಕಲೆಸಿ, ಒಂದೇ ಅಂಚಿಗೆ ಕಡ್ಡಿಯಿಂದ ತೆಳ್ಳಗೆ ಸವರಿ. ದಪ್ಪ ಸವರಿದರೆ ಪ್ರತಿ ಕೂಡಿನಲ್ಲೂ ಕೂದಲಷ್ಟು ಹಿಗ್ಗಿ ಕೊನೆಗೆ ತಟ್ಟೆಯೇ ಸೊಟ್ಟ. ಫೆವಿಕ್ವಿಕ್ ಸರಿಪಡಿಸಿಕೊಳ್ಳಲು ಸಮಯ ಕೊಡುವುದಿಲ್ಲ. ಸೀಳಿಗೆ ಅಡ್ಡಲಾಗಿ ಟೇಪ್ ಬಿಗಿದು, ಅಕ್ಕಿ ತುಂಬಿದ ಡಬ್ಬದಲ್ಲಿ ಕೂಡು ಮೇಲೆ ಬರುವಂತೆ ಹೂತು 24 ಗಂಟೆ ಮುಟ್ಟಬೇಡಿ. ಮಡಿಕೇರಿಯ ಚಳಿಗೆ ಎರಡು ದಿನವೇ ಇರಲಿ. ಉಕ್ಕಿದ ಅಂಟನ್ನು ಮಾತ್ರ ಅದಕ್ಕೂ ಮೊದಲೇ, ರಬ್ಬರಿನಂತಿರುವಾಗಲೇ, ಬ್ಲೇಡಿನಿಂದ ಕೊಯ್ದು ತೆಗೆಯಬೇಕು.

ಅಂಟಿಸಿದ್ದರಲ್ಲಿ ಬಿಸಿ ಕಾಫಿ ಬೇಡ, ಅಂಟು ಮೆತ್ತಗಾಗುತ್ತದೆ. ಹಳೇ ಗ್ಲೇಜಿನಲ್ಲಿ ಸೀಸವಿರಬಹುದು. ಬಿರಿದ ಭರಣಿಗೆ ಕೊಡಗಿನ ಹುಳಿರಸ ಕಾಚಂಪುಳಿಯನ್ನೋ ನಿಂಬೆ ಉಪ್ಪಿನಕಾಯಿಯನ್ನೋ ತುಂಬಿಟ್ಟರೆ ಹುಳಿ ಅದನ್ನು ಕರಗಿಸಿಕೊಳ್ಳುತ್ತದೆ.

ಎತ್ತಿಡುವಾಗ ತಟ್ಟೆಗಳ ನಡುವೆ ಹಳೇ ಪಂಚೆಯ ತುಂಡು ಸಾಕು. ಪೇಪರ್ ಸುತ್ತಿದರೆ ಆಷಾಢದಲ್ಲಿ ಬೂಷ್ಟು ಬಂದು ಶಾಯಿ ಅಂಟುತ್ತದೆ. ಕಪ್ಪುಗಳನ್ನು ಹಿಡಿಯಿಂದ ನೇತುಹಾಕಬೇಡಿ. ಸೀಳಿದ ತಟ್ಟೆಯನ್ನು ಸ್ಪ್ರಿಂಗ್ ತಂತಿಯಲ್ಲಿ ಬಿಗಿದು ಗೋಡೆಗೆ ತೂಗಿದರೆ ತಂತಿಯ ಎಳೆತಕ್ಕೇ ಸೀಳು ಉದ್ದವಾಗುತ್ತದೆ. ಅದನ್ನು ಮರದ ಸ್ಟ್ಯಾಂಡಿಗೆ ಒರಗಿಸಿ, ಬೀರುವನ್ನು ಗೋಡೆಯಿಂದ ನಾಲ್ಕು ಬೆರಳು ದೂರ ಸರಿಸಿ.