ಅಡಿಕೆ ಸುಲಿಯುತ್ತ ಕೇಳಿದ ‘ಪಿಂಕ್ ಮೂನ್’

ನಿಕ್ ಡ್ರೇಕ್‌ನ ‘ಪಿಂಕ್ ಮೂನ್’ ಆಲ್ಬಮ್ಮನ್ನು ನಾನು ಮೂರು ಸಲ ಬೇರೆಯವರಿಗೆ ಕೇಳಿಸಿದ್ದೇನೆ. ಎರಡು ಸಲ ಕೆಟ್ಟಿತು. ಮೂರನೆಯದು ಕೂಡಿ ಬಂತು.

ಮೊದಲ ಸಲದ ತಪ್ಪು ಪೂರ್ತಿ ನನ್ನದೇ. ಬೆಂಗಳೂರಿನ ರೂಮಿನಲ್ಲಿ ನಾಲ್ಕು ಜನ ಗೆಳೆಯರು. ಹಾಡು ಹಾಕುವ ಮೊದಲು ಪೀಠಿಕೆ ಶುರು ಮಾಡಿದೆ. ಇಂಗ್ಲೆಂಡಿನ ಹುಡುಗ, ಮಹಾ ಸಂಕೋಚದವ, ಮೂರು ಆಲ್ಬಂ ಮಾಡಿದ, ಬದುಕಿದ್ದಾಗ ಕೊಂಡವರು ಕಡಿಮೆ, ಖಿನ್ನತೆ ಹಿಡಿಯಿತು, 1974ರ ನವೆಂಬರಿನಲ್ಲಿ ಅದರ ಮಾತ್ರೆಯೇ ಹೆಚ್ಚಾಗಿ 26ನೇ ವಯಸ್ಸಿಗೆ ತೀರಿಕೊಂಡ. ಇಷ್ಟು ಹೇಳಿ ಪ್ಲೇ ಒತ್ತಿದೆ. ಒಬ್ಬ ಪ್ರತಿ ಹಾಡು ಮುಗಿದಾಗಲೂ ‘ಪಾಪ’ ಅಂದ. ಉಳಿದವರು ಸಾವಾದ ಮನೆಗೆ ಮಾತಾಡಿಸಲು ಹೋದವರ ಹಾಗೆ ತಲೆ ತಗ್ಗಿಸಿ ಕೂತರು. ಕೊನೆಯ ಹಾಡಿನಲ್ಲಿ ಬೆಳಗಾಗುತ್ತದೆ, ಗಿಟಾರ್ ಕುಣಿಯುತ್ತದೆ. ಅದಕ್ಕೂ ‘ಪಾಪ’ವೇ!

ಎರಡನೆಯ ಸಲ ಕುಮಟೆಯಿಂದ ಶಿರಸಿಗೆ ಬರುವಾಗ, ದೇವಿಮನೆ ಘಟ್ಟದಲ್ಲಿ, ಕಾರಿನೊಳಗೆ. ತಿರುವಿಗೊಮ್ಮೆ ಗೇರು ಬದಲಾಗುವ ಸದ್ದಿನಲ್ಲಿ ಹಾಡು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಡ್ರೇಕ್‌ನ ಮೊದಲಿನ ಎರಡು ಆಲ್ಬಮ್ಮುಗಳಾದರೆ ಕಾರಿನಲ್ಲೂ ನಡೆಯುತ್ತವೆ, ಅವುಗಳಲ್ಲಿ ಪಿಟೀಲುಗಳ ಗುಂಪಿದೆ, ಡ್ರಮ್ ಇದೆ. ಇದರಲ್ಲಿ ಒಂದು ಗಂಟಲು, ಒಂದು ಗಿಟಾರ್. 1971ರ ಅಕ್ಟೋಬರಿನಲ್ಲಿ ಲಂಡನ್ನಿನ ಸೌಂಡ್ ಟೆಕ್ನಿಕ್ಸ್ ಸ್ಟುಡಿಯೋದಲ್ಲಿ, ಎರಡೇ ರಾತ್ರಿ, ಧ್ವನಿಮುದ್ರಣದ ಜಾನ್ ವುಡ್ ಬಿಟ್ಟರೆ ಇನ್ನೊಬ್ಬರಿಲ್ಲದೆ ಮುಗಿಸಿದ್ದು. ಹನ್ನೊಂದು ಹಾಡು, ಎಲ್ಲ ಸೇರಿ 28 ನಿಮಿಷ. ರಾತ್ರಿ ಹಾಡಿದ್ದನ್ನು ರಾತ್ರಿಯೇ ಕೇಳಬೇಕು ಅಂತ ನನಗೆ ಹೊಳೆದದ್ದು ಆ ಘಟ್ಟ ಹತ್ತಿದ ಮೇಲೆ.

ನಡುವೆ ಗಿಟಾರಿನ ಕಥೆ ಇದೆ. ಈ ಆಲ್ಬಮ್ಮಿನ ಹಾಡು ನುಡಿಸಲು ಹೊರಟವರಿಗೆ ಮೊದಲು ಎದುರಾಗುವುದು ಶ್ರುತಿ. ನಾವು ಕಲಿಯುವ ಮಾಮೂಲು ಗಿಟಾರ್ ದಪ್ಪ ತಂತಿಯಿಂದ ಸಣ್ಣದಕ್ಕೆ ಇ ಎ ಡಿ ಜಿ ಬಿ ಇ, ಪಾಶ್ಚಾತ್ಯ ಸ್ವರಗಳ ಹೆಸರು ಇವು. ಡ್ರೇಕ್ ಹಲವು ಹಾಡುಗಳಿಗೆ ಬೇರೆಬೇರೆ ಶ್ರುತಿ ಕಟ್ಟಿಕೊಳ್ಳುತ್ತಿದ್ದ. ‘ಪಿಂಕ್ ಮೂನ್’ ಹಾಡಿಗೆ ಸಿ ಜಿ ಸಿ ಎಫ್ ಸಿ ಇ, ಎರಡನೇ ಫ್ರೆಟ್ಟಿಗೆ (ಗಿಟಾರಿನ ಕತ್ತಿನ ಅಡ್ಡಪಟ್ಟಿ) ಕೇಪೋ (ಎಲ್ಲ ತಂತಿಗಳನ್ನೂ ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್ಪು). ಅಂದರೆ ಎಲ್ಲಕ್ಕಿಂತ ದಪ್ಪಗಿನ ಆರನೇ ತಂತಿಯನ್ನು ನಾಲ್ಕು ಅರ್ಧಸ್ವರ ಇಳಿಸಬೇಕು, ಐದು, ನಾಲ್ಕು, ಮೂರನ್ನು ಎರಡೆರಡು ಇಳಿಸಬೇಕು, ಎರಡನೆಯದನ್ನು ಮಾತ್ರ ಒಂದು ಅರ್ಧಸ್ವರ ಏರಿಸಬೇಕು. ಒಂದನೆಯದು ಇದ್ದಲ್ಲೇ ಇರುತ್ತದೆ.

ಆ ದೀಪಾವಳಿಗೆ ಊರಿಗೆ ಹೋದಾಗ ಜಗುಲಿಯಲ್ಲಿ ಕೂತು ಇದನ್ನೇ ಮಾಡುತ್ತಿದ್ದೆ. ಮಳೆಗಾಲವಿಡೀ ಅಟ್ಟದ ಮೇಲಿದ್ದ ಗಿಟಾರಿಗೆ ತುಕ್ಕು ಹತ್ತಿತ್ತು. ಏರಿಸಬೇಕಾದ ಆ ಒಂದೇ ಒಂದು ತಂತಿ ಟಪ್ಪೆಂದು ಹರಿದು ಮಣಿಕಟ್ಟಿಗೆ ಬಾರಿಸಿತು. ದಪ್ಪ ತಂತಿಯೋ, ಅಷ್ಟು ಸಡಿಲಾದ ಮೇಲೆ ಫ್ರೆಟ್ಟಿಗೆ ತಾಗಿ ಝರ್ರೆನ್ನುತ್ತಿತ್ತು. ಬೇರೆ ತಂತಿ ಬೆಂಗಳೂರಿನಲ್ಲಿ ಉಳಿದಿತ್ತು. ಹಬ್ಬದ ಮೂರೂ ದಿನ ಐದು ತಂತಿಯ ಗಿಟಾರ್.

ಡಿಸೆಂಬರಿನಲ್ಲಿ ದಪ್ಪ ಅಳತೆಯ ಹೊಸ ತಂತಿಗಳನ್ನೇ ಕೊಂಡು ಹೋದೆ. ಸಡಿಲ ಬಿಟ್ಟರೂ ಮೈ ಉಳಿಸಿಕೊಳ್ಳುವುದು ದಪ್ಪ ತಂತಿಯೇ. ಶ್ರುತಿ ಮಾಡುತ್ತಿದ್ದಾಗ ದೊಡ್ಡಪ್ಪ ಬಂದು ನಿಂತ. ಊರಿನ ಭಜನೆಗೆ, ಆಗೀಗ ಸಂಗೀತದ ಬೈಠಕ್ಕಿಗೆ ಹಾರ್ಮೋನಿಯಂ ಹಿಡಿಯುವವ.

‘ಎಂತಾ ತಮಾ, ತಂತಿ ಎಲ್ಲ ಸಡ್ಲ ಬಿಟ್ಟಿದ್ದೆ?’

ಒಂದೊಂದೇ ತಂತಿ ಮೀಟಿ ತೋರಿಸಿದೆ. ಅವ ಕಣ್ಣು ಮುಚ್ಚಿ ಕೇಳಿ, ಬೆರಳು ಮಡಿಸುತ್ತ ಹೇಳಿದ: ‘ಸ ಪ ಸ ಮ ಸ ಗ. ಮೂರು ಷಡ್ಜ ಇದ್ದು. ಇಂವಂಗೆ ತಂಬೂರಿ ಎಂತಕ್ಕೆ?’

ಎರಡು ವರ್ಷದಿಂದ ಆ ಆರು ಅಕ್ಷರಗಳನ್ನು ಬಾಯಿಪಾಠ ಮಾಡಿದ್ದೆ, ಇದು ನನಗೆ ಕಂಡಿರಲಿಲ್ಲ. ಆರರಲ್ಲಿ ಮೂರು ತಂತಿ ಷಡ್ಜ, ಒಂದು ಪಂಚಮ. ಎಡಗೈ ಏನೇ ಮಾಡುತ್ತಿರಲಿ, ಬೆರಳು ಒತ್ತದೆ ಬಿಟ್ಟ ಯಾವುದೋ ಒಂದು ತಂತಿ ಹಿಂದೆ ‘ಸ’ ಹಿಡಿದಿರುತ್ತದೆ. ಹೆಚ್ಚುಕಡಿಮೆ ಬೇರೆ ವಾದ್ಯವೇ ಇಲ್ಲದ ಹಾಡು ತುಂಬಿದ ಹಾಗೆ ಕೇಳುವುದು ಈ ಕಾರಣಕ್ಕೆ. ಕೇಪೋ ಹಾಕಿದ ಮೇಲೆ ಶ್ರುತಿ ಹಾರ್ಮೋನಿಯಂನ ಬಿಳಿ ಎರಡಕ್ಕೆ (ಎರಡನೇ ಬಿಳಿ ಮನೆಗೆ) ಬಂತು ಅಂತ ದೊಡ್ಡಪ್ಪನೇ ಪೆಟ್ಟಿಗೆ ತಂದು ಒತ್ತಿ ನೋಡಿದ. ಇಂಗ್ಲೆಂಡಿನವನಿಗೆ ನಮ್ಮ ತಂಬೂರಿ ಗೊತ್ತಿತ್ತು ಅಂತ ಇದರರ್ಥವಲ್ಲ. ತಂತಿ ಸಡಿಲ ಬಿಟ್ಟು ತನ್ನದೇ ಶ್ರುತಿ ಕಟ್ಟಿಕೊಳ್ಳುವುದು ಅಂದಿನ ಇಂಗ್ಲಿಷ್ ಜಾನಪದ ಗಿಟಾರಿನವರಲ್ಲಿ ರೂಢಿಯಲ್ಲಿತ್ತು.

ಅಡಿಕೆಯ ಕೊನೆ ಕೊಯ್ಲಿನ ಕಾಲ. ಸಂಜೆಯಾದರೆ ಅಂಗಳದ ಚಪ್ಪರದಡಿ ಹಸಿ ಅಡಿಕೆಯ ರಾಶಿ, ಸುತ್ತ ಮೆಟ್ಟುಗತ್ತಿ ಇಟ್ಟುಕೊಂಡು ಎಂಟೊಂಬತ್ತು ಜನ. ಕೈಗೆ ಬಿಡುವಿಲ್ಲ, ಕಿವಿಗೆ ಬೇಕಾದಷ್ಟು ಬಿಡುವು. ದಿನವೂ ಅಲ್ಲಿ ತಾಳಮದ್ದಳೆಯ ರೆಕಾರ್ಡಿಂಗ್ ಹಾಕುತ್ತಾರೆ. ಅರ್ಧ ಗಂಟೆ ನನಗೆ ಬಿಟ್ಟುಕೊಡಿ ಅಂದೆ. ಸ್ಪೀಕರನ್ನು ತುಳಸಿಕಟ್ಟೆಯ ಹತ್ತಿರ, ಎಲ್ಲರಿಂದ ಸುಮಾರು ಒಂದೇ ದೂರಕ್ಕೆ ಇಟ್ಟೆ. ಆಪ್‌ನಲ್ಲಿ ಹಾಡು ಕಲಸುವ ಗುಂಡಿ, ಮುಗಿದ ಮೇಲೆ ತಾನೇ ಇನ್ನೇನೋ ಹಾಕುವ ಗುಂಡಿ ಎರಡನ್ನೂ ಬಂದ್ ಮಾಡಿದೆ. ಮೊಬೈಲಿನ ನೆಟ್‌ವರ್ಕ್ ಕೂಡ. ಈ ಸಲ ಪೀಠಿಕೆ ಇಲ್ಲ. ‘ಒಬ್ಬ ಹಾಡ್ತಾನೆ, ಇಂಗ್ಲಿಷು’ ಅಂದೆ, ಅಷ್ಟೆ.

ಮೊದಲ ಹಾಡಿನ ಅರ್ಧಕ್ಕೆ ಪಿಯಾನೋದ ಪುಟ್ಟ ತುಣುಕು ಬರುತ್ತದೆ. ಇಡೀ ಆಲ್ಬಮ್ಮಿನಲ್ಲಿ ಗಿಟಾರಿನ ಮೇಲೆ ಆಮೇಲೆ ಸೇರಿಸಿದ್ದು ಅದೊಂದೇ, ಅದನ್ನೂ ಡ್ರೇಕ್‌ನೇ ನುಡಿಸಿದ್ದು. ದೊಡ್ಡಪ್ಪನ ಕತ್ತಿ ಅಲ್ಲೇ ನಿಂತಿತು. ಎರಡನೇ ಹಾಡು, ಮೂರನೇ ಹಾಡು ಕಳೆದವು.

‘ಮತ್ತೆ ಬತ್ತಿಲ್ಯಾ ಅದು?’

‘ಇಲ್ಲೆ ದೊಡ್ಡಪ್ಪಾ.’

ಬರುತ್ತದೆಂದು ಕಾಯುತ್ತ ಅವ ಉಳಿದ ಹಾಡುಗಳನ್ನೂ ಬಿಡದೆ ಕೇಳಿದ. ಹಾಗೆ ಕಾಯಿಸುವುದೇ ಡ್ರೇಕ್‌ನ ಲೆಕ್ಕವೋ ಏನೋ, ನನಗಂತೂ ಅಂದಿನಿಂದ ಪಿಯಾನೋ ಇಲ್ಲದ ಹತ್ತು ಹಾಡುಗಳು ಬೇರೆ ಥರ ಕೇಳುತ್ತಿವೆ.

ಆರು ಹಾಡಾದ ಮೇಲೆ ನಿಲ್ಲಿಸಿ ಚಹಾ ತರಿಸಿದೆ. ಎಲ್‌ಪಿ ತಟ್ಟೆಯಲ್ಲಿ ಮೊದಲ ಮಗ್ಗುಲು ಮುಗಿಯುವುದು ಅಲ್ಲಿಗೇ, ‘ಥಿಂಗ್ಸ್ ಬಿಹೈಂಡ್ ದ ಸನ್’ ಮುಗಿದಾಗ. ಆಲ್ಬಮ್ಮಿನ ಅತಿ ಉದ್ದದ ಹಾಡು, ಅದೂ ನಾಲ್ಕು ನಿಮಿಷ ದಾಟುವುದಿಲ್ಲ. ಇನ್ನೊಂದು ಮಗ್ಗುಲು ‘ನೋ’ (Know) ಎಂಬ ಹಾಡಿನಿಂದ ಶುರು. ಗಿಟಾರಿನ ಒಂದೇ ವರಸೆ ಮೊದಲಿನಿಂದ ಕೊನೆಯವರೆಗೆ, ಸಾಹಿತ್ಯ ನಾಲ್ಕೇ ಸಾಲು, ಬಾಕಿಯೆಲ್ಲ ಗುನುಗು. ಬೆಂಗಳೂರಿನಲ್ಲಿ ಇದನ್ನು ದಾಟಿಸು ಅಂದಿದ್ದರು. ಇಲ್ಲಿ ಮೂಲೆಯಲ್ಲಿ ಸುಲಿಯುತ್ತಿದ್ದ ಅಜ್ಜಿಯೊಬ್ಬರು ‘ಇವನಿಗೂ ಮಾತು ಬೇಡ ಆಗಿದೆ, ಇದು ಅಡ್ಡಿಲ್ಲ’ ಅಂದರು. ಕತ್ತಿಯ ಕಟ್ ಕಟ್ ಆ ವರಸೆಗೆ ಎಲ್ಲೋ ಕೂಡುತ್ತಿತ್ತು, ಎಲ್ಲೋ ತಪ್ಪುತ್ತಿತ್ತು. ಎಲ್ಲರಿಗೂ ಹಿಡಿಸಿತು ಅಂತಲ್ಲ. ಇಬ್ಬರು ತೂಕಡಿಸಿದರು. ಒಬ್ಬ ಹುಡುಗ ಎದ್ದು ಹೋದವ ತಾಳಮದ್ದಳೆ ಶುರುವಾದ ಮೇಲೇ ಬಂದ.

ಮುಗಿದ ಮೇಲೆ ದೊಡ್ಡಮ್ಮ ಕೇಳಿದಳು, ಯಾರು ಇವ ಅಂತ. ಆಗ ಹೇಳಿದೆ, ಅದೂ ಹುಟ್ಟಿನಿಂದ. 1948ರಲ್ಲಿ ರಂಗೂನಿನಲ್ಲಿ ಹುಟ್ಟಿದ. ಯುದ್ಧದಲ್ಲಿ ಬರ್ಮಾ ಬಿಟ್ಟು ಬಂದಿದ್ದ ಅವನ ತಾಯಿ ಮಾಲಿ ಡ್ರೇಕ್, ದಿಲ್ಲಿಯಲ್ಲಿ ಅಕ್ಕತಂಗಿ ಸೇರಿ ಆಲ್ ಇಂಡಿಯಾ ರೇಡಿಯೋದಲ್ಲಿ ಹಾಡುತ್ತಿದ್ದರು.

‘ಎಂತಾ, ನಮ್ಮ ಆಕಾಶವಾಣಿಯಾ?’

ಅಲ್ಲಿಂದ ಮಾತು ಪೂರ್ತಿ ತಾಯಿಯ ಕಡೆ ಹೊರಳಿತು. ಮಾಲಿ ತಾನೇ ಹಾಡು ಕಟ್ಟಿ ಪಿಯಾನೋ ನುಡಿಸುತ್ತ ಮನೆಯಲ್ಲಿ ಹಾಡುತ್ತಿದ್ದಳು, ಗಂಡ ಅದನ್ನು ಟೇಪಿಗೆ ಹಿಡಿದಿಟ್ಟಿದ್ದ, ಆಲ್ಬಮ್ಮಾಗಿ ಅದು ಹೊರಬಂದದ್ದು ಮಗ ಹೋಗಿ ಎಷ್ಟೋ ವರ್ಷಕ್ಕೆ. ಹಾಗಾದರೆ ಆ ಪಿಯಾನೋ ಅಮ್ಮನ ಕೈಯಿಂದ ಬಂದದ್ದು ಅಂತ ದೊಡ್ಡಪ್ಪ ತೀರ್ಮಾನ ಕೊಟ್ಟುಬಿಟ್ಟ. ಸಾವಿನ ವಿಷಯ ಕೊನೆಗೆ, ಕೇಳಿದ್ದಕ್ಕಷ್ಟೇ ಹೇಳಿದೆ. ಟ್ಯಾನ್‌ವರ್ತ್ ಇನ್ ಆರ್ಡನ್ ಎಂಬ ಹಳ್ಳಿಯಲ್ಲಿ ಅವನ ಸಮಾಧಿ, ಕಲ್ಲಿನ ಮೇಲೆ ಈಗ ಕೇಳಿದ ಕಡೆಯ ಹಾಡಿನದೇ ಒಂದು ಸಾಲು. 1999ರಲ್ಲಿ ಒಂದು ಕಾರಿನ ಜಾಹೀರಾತಿಗೆ ‘ಪಿಂಕ್ ಮೂನ್’ ಬಳಸಿದ ಮೇಲೆ ಜಗತ್ತು ಕೊಳ್ಳತೊಡಗಿತು ಅಂದಾಗ ಎಲ್ಲರೂ ನಕ್ಕರು. ಕಾರಿನಲ್ಲಿ ಕೇಳಲಾಗದೆ ಸೋತವ ನಾನು.

ಮರುದಿನ ಬೆಳಿಗ್ಗೆ ಏಳುವಾಗ ಜಗುಲಿಯಲ್ಲಿ ಹಾರ್ಮೋನಿಯಂ. ದೊಡ್ಡಪ್ಪ ಆ ಪಿಯಾನೋ ತುಣುಕನ್ನು ಹುಡುಕುತ್ತಿದ್ದ. ಮೊದಲ ಮೂರು ಸ್ವರ ಸರಿ ಬಂದವು, ನಾಲ್ಕನೆಯದರಿಂದ ಪ್ರತಿ ಸಲವೂ ಯಾವುದೋ ಭಜನೆಗೆ ಜಾರುತ್ತಿತ್ತು. ಗಿಟಾರನ್ನು ಅಲ್ಲೇ ಬಿಟ್ಟು ಬಂದಿದ್ದೇನೆ, ತಂತಿ ತಿರುಗಿಸಬೇಡಿ ಅಂತ ಚೀಟಿ ಅಂಟಿಸಿ.