ಟೇಬಲ್‌ನಲ್ಲಿದೆ, ಹುಡುಕಿದರೆ ಸಿಗುವುದಿಲ್ಲ

ದಾವಣಗೆರೆ ಎಪಿಎಂಸಿಯಲ್ಲಿ ಮೆಕ್ಕೆಜೋಳದ ದಲಾಲಿ ಅಂಗಡಿಯೊಂದರ ಸರ್ವರ್ ಅದು. ಅದರ ಲಿನಕ್ಸ್ ಆಪರೇಟಿಂಗ್ ಸಿಸ್ಟಂ ಉಬುಂಟು 18.04ರಿಂದ 22.04ಕ್ಕೆ ಅಪ್‌ಗ್ರೇಡ್ ಆಗಿ, ವ್ಯಾಪಾರವೂ ಶುರುವಾಗಿತ್ತು. ಡೇಟಾಬೇಸ್ ಆದ ಪೋಸ್ಟ್‌ಗ್ರೆಸ್ ಮಾತ್ರ ಹಳೆಯ 14ರಲ್ಲೇ ಇತ್ತು, ಡೇಟಾ ಫೋಲ್ಡರ್ ಕೂಡ ಅದೇ. ಲಾಗ್‌ನಲ್ಲಿ ಒಂದೂ ಎರರ್ ಇರಲಿಲ್ಲ. 'ಒಂದ್ಸಲ ನೋಡಿಬಿಡಿ ಸರ್' ಅಂತ ನನ್ನನ್ನು ಕರೆದರು.

ನನಗೆ ಅನುಮಾನ ಇದ್ದದ್ದು ಇಂಡೆಕ್ಸ್‌ಗಳ ಮೇಲೆ, ಅಂದರೆ ಟೇಬಲ್‌ನ ಸಾಲುಗಳನ್ನು ಬೇಗ ಹುಡುಕಲು ಕ್ರಮವಾಗಿ ಜೋಡಿಸಿಟ್ಟ ಪಟ್ಟಿಗಳ ಮೇಲೆ. ಅಕ್ಷರಗಳನ್ನು ಯಾವ ಕ್ರಮದಲ್ಲಿ ಜೋಡಿಸಬೇಕು ಎಂಬುದನ್ನು ಪೋಸ್ಟ್‌ಗ್ರೆಸ್ ಸಾಮಾನ್ಯವಾಗಿ ಲಿನಕ್ಸ್‌ನ ಮೂಲ ಲೈಬ್ರರಿಯಾದ ಜಿಲಿಬ್‌ಸಿಯಿಂದ ಕೇಳಿಕೊಳ್ಳುತ್ತದೆ. 2018ರಲ್ಲಿ ಬಂದ ಜಿಲಿಬ್‌ಸಿ 2.28 ಆ ಕ್ರಮವನ್ನೇ ಬದಲಿಸಿತು. 11 ಮತ್ತು 1-1 ಎರಡನ್ನೂ ಕೊಟ್ಟು ನೋಡಿ. ಅಮೆರಿಕನ್ ಇಂಗ್ಲಿಷ್ ಲೊಕೇಲ್‌ನಲ್ಲಿ (ಭಾಷೆಯ ಸೆಟ್ಟಿಂಗ್) ಹಳೆಯದು 11ನ್ನು ಮೊದಲು ಇಡುತ್ತದೆ, ಹೊಸದು 1-1ನ್ನು. ಈ ಅಂಗಡಿಯ ರೈತರ ಖಾತೆ ಸಂಖ್ಯೆಗಳೆಲ್ಲ ಹೀಗೇ ಅಡ್ಡಗೆರೆ ಇರುವಂಥವು! ಹಳೆಯ ಕ್ರಮದಲ್ಲಿ ಕಟ್ಟಿದ ಇಂಡೆಕ್ಸ್‌ನಲ್ಲಿ ಹೊಸ ಕ್ರಮದಿಂದ ಹುಡುಕಿದರೆ, ಇರುವ ಖಾತೆಯೂ ಇಲ್ಲ ಅನ್ನಿಸುತ್ತದೆ. ಡಿಸ್ಕ್‌ನಲ್ಲಿ ಒಂದು ಬೈಟ್ ಕೂಡ ಕೆಟ್ಟಿರುವುದಿಲ್ಲ. ಹಾಗಾಗಿ ಬೈಟ್ ಕೆಟ್ಟಿದೆಯಾ ಎಂದು ನೋಡುವ ಚೆಕ್‌ಸಮ್‌ಗೆ ಇದು ಕಾಣುವುದೇ ಇಲ್ಲ.

ಮೊದಲು ಇಡೀ ಡೇಟಾ ಫೋಲ್ಡರ್‌ನ ಕಾಪಿ ತೆಗೆದಿಟ್ಟೆ. ಆಮೇಲೆ ಇಂಡೆಕ್ಸ್‌ಗಳು ಸರಿ ಇವೆಯಾ ಎಂದು ನೋಡುವ ಪಿಜಿ-ಎಎಂಚೆಕ್ ಓಡಿಸಿದೆ. 14ರಲ್ಲಿ ಅದು ಜೊತೆಗೇ ಬರುತ್ತದೆ, ಬಿಲ್ಲಿಂಗ್ ನಿಲ್ಲಿಸಬೇಕಾಗಿಲ್ಲ. 'ಹೀಪ್‌ಆಲ್‌ಇಂಡೆಕ್ಸ್ಡ್' ಆಯ್ಕೆ ತಪ್ಪದೆ ಹಾಕಿ. ಟೇಬಲ್‌ನ ಪ್ರತಿ ಸಾಲೂ ಇಂಡೆಕ್ಸ್‌ನಲ್ಲಿ ಇದೆಯಾ ಎಂದು ನೋಡುವುದು ಅದೇ. ಖಾತೆ ಸಂಖ್ಯೆಯ ಇಂಡೆಕ್ಸ್‌ನಲ್ಲಿ ಕ್ರಮ ತಪ್ಪಿದೆ ಎಂದು ಬಂತು.

ರೀಇಂಡೆಕ್ಸ್ ಮಾಡಿದರೆ, ಅಂದರೆ ಇಂಡೆಕ್ಸ್ ಹೊಸದಾಗಿ ಕಟ್ಟಿದರೆ, ಮುಗಿಯಿತು ಅಲ್ವಾ? ಮುಗಿಯಲಿಲ್ಲ. ಹಳೆಯ ಖಾತೆ ಸಿಗದೆ ಗುಮಾಸ್ತರು ಅದೇ ಸಂಖ್ಯೆಯಲ್ಲಿ ಹೊಸ ಖಾತೆ ತೆರೆದಿದ್ದರು. ಒಂದೇ ಸಂಖ್ಯೆ ಎರಡು ಸಲ ಬರದಂತೆ ತಡೆಯಬೇಕಾದ ಯುನೀಕ್ ಇಂಡೆಕ್ಸ್, ತಾನೇ ಕ್ರಮ ತಪ್ಪಿದ್ದರಿಂದ, ಅದನ್ನು ತಡೆದಿರಲಿಲ್ಲ. ಒಂದೇ ಸಂಖ್ಯೆ ಎರಡು ಕಡೆ ಇದ್ದರೆ ರೀಇಂಡೆಕ್ಸ್ ಅರ್ಧಕ್ಕೇ ನಿಲ್ಲುತ್ತದೆ. ಇಂಡೆಕ್ಸ್ ಬಳಸಿ ಹುಡುಕುವ ದಾರಿಗಳಾದ ಇಂಡೆಕ್ಸ್ ಸ್ಕ್ಯಾನ್, ಇಂಡೆಕ್ಸ್ ಓನ್ಲಿ ಸ್ಕ್ಯಾನ್, ಬಿಟ್‌ಮ್ಯಾಪ್ ಸ್ಕ್ಯಾನ್ ಮೂರನ್ನೂ ಆಫ್ ಮಾಡಿ, ಟೇಬಲ್‌ನಿಂದಲೇ ನೇರವಾಗಿ ಜೋಡಿ ಖಾತೆಗಳನ್ನು ಹುಡುಕಿದೆ. ಯಾವುದನ್ನೂ ಸುಮ್ನೆ ಡಿಲೀಟ್ ಮಾಡುವಂತಿಲ್ಲ, ಎರಡರಲ್ಲೂ ರೈತರ ದುಡ್ಡಿನ ಲೆಕ್ಕ ಇದೆ. ಗುಮಾಸ್ತರು ತೂಕದ ಚೀಟಿ ಹಿಡಿದು ಪಕ್ಕದಲ್ಲಿ ಕೂತರು. 'ಇವೆರಡೂ ಒಬ್ಬರದ್ದಲ್ಲ ಸರ್, ಅಣ್ಣತಮ್ಮಂದಿರದ್ದು, ಬೇರೆ ಬೇರೆ' ಎಂದು ಒಂದು ಕಡೆ ತಡೆದರು. ಅದು ನನಗೆ ಯಾವ ಕ್ವೆರಿಯಿಂದಲೂ ತಿಳಿಯುತ್ತಿರಲಿಲ್ಲ.

ಖಾತೆಗಳನ್ನು ಕೂಡಿಸಿ, ಸಂಜೆ ಅಂಗಡಿ ಮುಚ್ಚಿದ ಮೇಲೆ ಎಲ್ಲ ರೀಇಂಡೆಕ್ಸ್ ಮಾಡಿದೆ. ನಂತರ ಇಂಡೆಕ್ಸ್‌ನ ಮೇಲಿನ-ಕೆಳಗಿನ ಹಂತಗಳು ಹೊಂದುತ್ತವೆಯಾ ಎಂದೂ ನೋಡುವ ಪೇರೆಂಟ್ ಚೆಕ್ ಸಮೇತ ಪಿಜಿ-ಎಎಂಚೆಕ್ ಮತ್ತೆ ಓಡಿಸಿದೆ. ಅದು ಓಡುವಾಗ ಟೇಬಲ್‌ಗೆ ಬರೆಯಲು ಆಗುವುದಿಲ್ಲ, ಅದಕ್ಕೇ ರಾತ್ರಿಗೆ ಇಟ್ಟುಕೊಂಡೆ. ಈ ಸಲ ಒಂದು ದೂರೂ ಬರಲಿಲ್ಲ.